ಬೇಲಿ ಗುತ್ತಿಗೆ: ಒಂದು ಮಳೆಗಾಲ ಕಳೆದ ಮೇಲೆ ಬರೆದದ್ದು

ಬೇಲಿ ಹಾಕಿಸಿದ ವಾರದಲ್ಲೇ ಅದರ ಬಗ್ಗೆ ಬರೆಯಲು ಕುಳಿತರೆ ಯಾವ ಬೇಲಿಯೂ ಚೆನ್ನಾಗಿಯೇ ಕಾಣುತ್ತದೆ. ಕಂಬಗಳು ನೆಟ್ಟಗೆ ನಿಂತಿರುತ್ತವೆ, ಜಾಲರಿ ಹೊಳೆಯುತ್ತಿರುತ್ತದೆ, ಹಣ ಕೊಟ್ಟವರಿಗೆ ಕೊಟ್ಟದ್ದು ಸಾರ್ಥಕವಾಯಿತೆಂದು ನಂಬುವ ಆತುರವಿರುತ್ತದೆ. ಹಾಗಾಗಿ ಕಳೆದ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಕೆಲಸ ಮಾಡಿಸಿದ ನಾನು, ಮೃಗಶಿರಾದಿಂದ ಆಶ್ಲೇಷದವರೆಗಿನ ಮಳೆಗಳೆಲ್ಲ ಸುರಿದು ಹೋಗಲಿ ಎಂದು ಕಾದು, ಈಗ ಬರೆಯುತ್ತಿದ್ದೇನೆ. ತೀರ್ಥಹಳ್ಳಿಯಿಂದ ಕೋಣಂದೂರಿನ ಕಡೆಗೆ ಹೋಗುವ ದಾರಿಯಲ್ಲಿ, ಮನೆ, ಹಿತ್ತಲು ಮತ್ತು ಒಂದಿಷ್ಟು ಅಡಿಕೆ ಮರಗಳು ಸೇರಿ ಹದಿನೆಂಟು ಗುಂಟೆಯಷ್ಟು ನಮ್ಮ ಜಾಗವಿದೆ. ಗುತ್ತಿಗೆದಾರರ ಹೆಸರನ್ನು ಬರೆಯುವುದಿಲ್ಲ. ಮೆಚ್ಚುಗೆಯ ಜೊತೆಗೆ ದೂರೂ ಇದೆ, ಊರು ಚಿಕ್ಕದು.

ಮೊದಲಿದ್ದದ್ದು ನಮ್ಮ ಮಾವನವರ ಕಾಲದ ಬೇಲಿ. ಹಾಲವಾಣದ ಗೂಟಗಳು, ನಡುನಡುವೆ ಲಕ್ಕಿ ಮತ್ತು ಗೊಬ್ಬರದ ಗಿಡ, ಅದಕ್ಕೆ ಅಡ್ಡಲಾಗಿ ಬಿದಿರು ಮುಳ್ಳು, ಹಿಂಬದಿಯಲ್ಲಿ ಅಗಳ ಎಂಬ ಕಂದಕ, ಬಾಯಿಗೆ ಅಡ್ಡಗೋಲು ಸರಿಸಿ ದಾಟುವ ಉಣಗೋಲು. ಅದು ಕೆಟ್ಟ ಬೇಲಿಯೇನೂ ಆಗಿರಲಿಲ್ಲ, ಆದರೆ ವರ್ಷಕ್ಕೊಮ್ಮೆ ಕಟ್ಟುವ ಕೈ ಅದಕ್ಕೆ ಬೇಕಿತ್ತು. ಮುಳ್ಳು ಕಡಿದು ತಂದು ಕಟ್ಟಿಕೊಡುವವರು ಈಗ ಸಿಗುವುದಿಲ್ಲ, ಸಿಕ್ಕರೂ ಮುಳ್ಳಿಗಾಗಿ ಹೋಗಬೇಕಾದ ಬಿದಿರು ಮೆಳೆ ಹತ್ತಿರದಲ್ಲಿಲ್ಲ. ಅಗಳ ಹೂತು ಹೋಗಿ ಹಂದಿಗಳಿಗೆ ರಾಜಮಾರ್ಗವಾಗಿತ್ತು. ರಸ್ತೆಯ ಬದಿಗೆ ಜಂಬಿಟ್ಟಿಗೆ ಕಲ್ಲಿನ ಗೋಡೆ ಇದ್ದುದರಿಂದ ಉಳಿದ ಮೂರು ಬದಿಗೆ, ಸುಮಾರು 440 ಅಡಿ ಉದ್ದಕ್ಕೆ, ಸಿಮೆಂಟ್ ಕಂಬ ಮತ್ತು ಚೈನ್‌ಲಿಂಕ್ ಜಾಲರಿಯ ಬೇಲಿ ಹಾಕಿಸುವುದೆಂದು ತೀರ್ಮಾನಿಸಿದೆವು.

ಮೂವರನ್ನು ಕರೆಸಿ ದರ ಕೇಳಿದೆ. ಒಬ್ಬರು ರನ್ನಿಂಗ್ ಅಡಿಗೆ 148 ರೂಪಾಯಿ ಎಂದರು, ಶಿವಮೊಗ್ಗದಿಂದ ಬಂದ ಸಂಸ್ಥೆಯವರು ಜಿಎಸ್‌ಟಿ ಬಿಲ್ಲಿನ ಸಮೇತ 190 ಎಂದರು, ನಾವು ಕೊನೆಗೆ ಒಪ್ಪಿದ ಸ್ಥಳೀಯ ಗುತ್ತಿಗೆದಾರರು 165 ಎಂದರು. ಗೇಟು ಎಲ್ಲರದ್ದೂ ಬೇರೆ ಲೆಕ್ಕ. 148ಕ್ಕೂ 165ಕ್ಕೂ ಒಟ್ಟು ಮೊತ್ತದಲ್ಲಿ ಏಳೂವರೆ ಸಾವಿರದಷ್ಟು ವ್ಯತ್ಯಾಸ. ಅದು ನಮಗೆ ಚಿಕ್ಕ ಹಣವಲ್ಲ. ಕಡಿಮೆಯವರಿಗೇ ಕೊಡೋಣವೆಂದು ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಆಗ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸವೆಂದರೆ ಮೂವರಿಗೂ ಒಂದೇ ಪ್ರಶ್ನೆಗಳನ್ನು ಕೇಳಿದ್ದು: ತಂತಿಯ ಗೇಜು ಎಷ್ಟು, ಕಂಬದಿಂದ ಕಂಬಕ್ಕೆ ಅಂತರ ಎಷ್ಟು, ಗುಂಡಿಯ ಆಳ ಎಷ್ಟು, ಮೂಲೆಗೆ ಏನು ಮಾಡುತ್ತೀರಿ.

ಇಲ್ಲಿ ದರದ ಗುಟ್ಟು ಹೊರಬಿತ್ತು. 148ರ ಬೇಲಿಗೆ 14 ಗೇಜಿನ ತಂತಿ, ಹತ್ತು ಅಡಿಗೊಂದು ಕಂಬ, ಒಂದೂವರೆ ಅಡಿ ಗುಂಡಿ. 165ರ ಬೇಲಿಗೆ 12 ಗೇಜಿನ ತಂತಿ, ಎಂಟು ಅಡಿಗೊಂದು ಕಂಬ, ಎರಡು ಅಡಿ ಗುಂಡಿ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ ಎನ್ನುವುದು ಗೊತ್ತಿಲ್ಲದೆ ಹದಿನಾಲ್ಕು ಹನ್ನೆರಡಕ್ಕಿಂತ ದೊಡ್ಡದೆಂದು ಸಂತೋಷಪಡುವವರು ನಮ್ಮಲ್ಲಿದ್ದಾರೆ; ನಾನೂ ಅವರಲ್ಲೊಬ್ಬಳಾಗಿದ್ದೆ. 14 ಗೇಜಿನ ತಂತಿಯ ದಪ್ಪ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು, 12 ಗೇಜಿನದ್ದು 2.64 ಮಿಲಿಮೀಟರ್. ಕೇಳಲು ಅಲ್ಪ ವ್ಯತ್ಯಾಸವೆನಿಸಿದರೂ ಅಡ್ಡಕೊಯ್ತದ ಲೆಕ್ಕ ಹಾಕಿದರೆ ಎರಡನೆಯದರಲ್ಲಿ ಸುಮಾರು ಶೇಕಡಾ 70ರಷ್ಟು ಹೆಚ್ಚು ಲೋಹವಿರುತ್ತದೆ. ನಮ್ಮ ಮಳೆಯಲ್ಲಿ ಮೇಲಿನ ಸತುವಿನ ಲೇಪ ಸವೆದ ನಂತರ ತುಕ್ಕು ತಿನ್ನಲು ತೊಡಗುವುದು ಆ ಲೋಹವನ್ನೇ.

ಮೂಲೆಯ ಪ್ರಶ್ನೆಗೆ ಬಂದ ಉತ್ತರಗಳು ಇನ್ನೂ ಹೆಚ್ಚು ಹೇಳಿದವು. ಜಾಲರಿಯನ್ನು ಎಳೆದು ಬಿಗಿದಾಗ ಸಾಲಿನ ನಡುವೆ ನಿಂತ ಕಂಬಗಳು ಹೊರುವುದು ಅದರ ತೂಕವನ್ನು ಮಾತ್ರ. ಎಳೆತವೆಲ್ಲ ಬೀಳುವುದು ಮೂಲೆಗಂಬಗಳ ಮೇಲೆ ಮತ್ತು ಸಾಲು ಮುಗಿಯುವ ಕೊನೆಯ ಕಂಬಗಳ ಮೇಲೆ. ಅಲ್ಲಿ ಓರೆಯಾಗಿ ಸಪೋರ್ಟ್ ಕಂಬ ಕೊಡದಿದ್ದರೆ ಮೂಲೆ ಒಳಗೆ ವಾಲುತ್ತದೆ, ಮೂಲೆ ವಾಲಿದರೆ ಇಡೀ ಸಾಲಿನ ಜಾಲರಿ ಒಗೆದು ಹಾಕಿದ ಪಂಚೆಯಂತೆ ಜೋತುಬೀಳುತ್ತದೆ. ಮೊದಲನೆಯವರು "ಎರಡು ಮೂಲೆಗೆ ಎರಡೆರಡು, ಒಟ್ಟು ನಾಲ್ಕು ಸಪೋರ್ಟ್ ಸಾಕು" ಎಂದರು. ನಮ್ಮವರು ಜಾಗವನ್ನು ಒಂದು ಸುತ್ತು ನಡೆದು ನೋಡಿ, ಮೂಲೆಗಳಿಗೆ ನಾಲ್ಕು, ಗೋಡೆ ಸೇರುವ ಎರಡು ಕೊನೆಗಳಿಗೆ ಒಂದೊಂದು, ಉದ್ದದ ಎರಡು ಬದಿಗಳ ನಡುಮಧ್ಯದಲ್ಲಿ ಎರಡೆರಡು, ಒಟ್ಟು ಹತ್ತು ಎಂದು ಲೆಕ್ಕ ಕೊಟ್ಟರು. ಕಂಬ ಹೆಚ್ಚು ಹೇಳಿದರೆ ಅವರ ದರ ಏರುತ್ತದೆ, ಗಿರಾಕಿ ಕೈತಪ್ಪುವ ಸಂಭವವೂ ಇರುತ್ತದೆ. ಆದರೂ ಅವರು ಹಾಗೆ ಹೇಳಿದ್ದೇ ನಾನು ಅವರನ್ನು ಆರಿಸಲು ಕಾರಣವಾಯಿತು.

ಆರಿಸಿದ ಮೇಲೂ ಅವರು ಕೂಡಲೇ ಕೆಲಸ ಹಿಡಿಯಲಿಲ್ಲ. "ಅಕ್ಕಾ, ಬಾಂದು ಕಲ್ಲು ತೋರಿಸಿ, ಪಕ್ಕದವರು ಬಂದು ನಿಲ್ಲಲಿ, ಆಮೇಲೆ ಗುಂಡಿ" ಎಂದರು. ಆಗ ನನಗೆ ಸ್ವಲ್ಪ ಸಿಟ್ಟು ಬಂದದ್ದು ನಿಜ. ಗಡಿ ಗುರುತಿನ ಆ ಬಾಂದು ಕಲ್ಲು ಹಿಂಬದಿಯಲ್ಲಿ ಎಲ್ಲಿದೆಯೆಂದು ನಮ್ಮ ಅತ್ತೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ, ಅವರು ತೋರಿಸಿದ ಜಾಗದಲ್ಲಿ ಕಲ್ಲೂ ಇರಲಿಲ್ಲ. ಪುಣ್ಯಕ್ಕೆ ಬೇಸಿಗೆಯಲ್ಲೇ ಬೇರೊಂದು ಕಾರಣಕ್ಕೆ ಹದ್ದುಬಸ್ತಿಗೆ, ಅಂದರೆ ಗಡಿ ಅಳತೆಗೆ, ಅರ್ಜಿ ಹಾಕಿದ್ದೆವು. ಭೂಮಾಪಕರು ಬಂದು, ಅಕ್ಕಪಕ್ಕದವರ ಎದುರಿನಲ್ಲಿ ಅಳೆದು, ನಕ್ಷೆಯಂತೆ ಗುರುತು ಮಾಡಿಕೊಟ್ಟಾಗ ಆ ಕಲ್ಲು ಅತ್ತೆಯವರು ಹೇಳಿದ್ದಕ್ಕಿಂತ ನಾಲ್ಕು ಅಡಿ ಒಳಗೆ, ಹೂತುಹೋದ ಅಗಳದ ಮಣ್ಣಿನಡಿಯಲ್ಲಿ ಸಿಕ್ಕಿತು. ನೆರೆಯವರು ಆ ದಿನ ಏನೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ, ಕಾಫಿ ಕುಡಿದರು. ಹಳೆಯ ಬೇಲಿಯ ಗೆರೆಯ ಮೇಲೆಯೇ ಸಿಮೆಂಟ್ ಕಂಬ ಹೂಳಿದ್ದರೆ ಅಷ್ಟೂ ಕಂಬಗಳನ್ನು ಮುಂದೊಂದು ದಿನ ಕಿತ್ತು ನಿಲ್ಲಿಸಬೇಕಾಗುತ್ತಿತ್ತು. ಈ ಒಂದು ಹಟಕ್ಕಾಗಿಯೇ ನಾನು ಈ ಗುತ್ತಿಗೆದಾರರಿಗೆ ಋಣಿ.

ಕೆಲಸ ಶುರುವಾದದ್ದು ಭೂಮಿ ಹುಣ್ಣಿಮೆಯ ಎರಡು ದಿನ ಮುಂಚೆ. ಹುಣ್ಣಿಮೆಯ ದಿನ ನೆಲಕ್ಕೆ ಹಾರೆ ಹಾಕುವುದಿಲ್ಲವೆಂದು ಆಳುಗಳು ಬರಲಿಲ್ಲ, ಅತ್ತೆಯವರಿಗೆ ಅದರಿಂದ ಅವರ ಮೇಲೆ ಗೌರವ ಹೆಚ್ಚಿತು. ನಂತರ ಮೂರು ದಿನ ಭರದಿಂದ ನಡೆಯಿತು. ಮಳೆಗಾಲ ಮುಗಿದ ಆ ಹೊತ್ತಿಗೆ ನಮ್ಮ ಕೆಂಪು ಜಂಬಿಟ್ಟಿಗೆ ನೆಲ ಇನ್ನೂ ಹಸಿಯಾಗಿದ್ದು ಹಾರೆಗೆ ಬಗ್ಗುತ್ತದೆ. ಅದೇ ನೆಲ ಗಾಳಿ ಬಿಸಿಲಿಗೆ ಒಣಗಿ ಮಾಘ ಮಾಸಕ್ಕೆ ಬಂದರೆ ಹಾರೆಯ ತುದಿಯಲ್ಲಿ ಕಿಡಿ ಹಾರುತ್ತದೆ. ಬೇಲಿ ಹಾಕಿಸುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಆದರೆ ಆಳುಗಳಿಗೆ ಇದಕ್ಕಿಂತ ಕೆಟ್ಟ ಕಾಲವೂ ಇಲ್ಲ, ಏಕೆಂದರೆ ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಲು ಶುರುವಾಗುವುದೂ ಆಗಲೇ. ಎಂಟು ದಿನದಲ್ಲಿ ಮುಗಿಸುವುದಾಗಿ ಹೇಳಿದ ಕೆಲಸಕ್ಕೆ ಇಪ್ಪತ್ತಮೂರು ದಿನ ಹಿಡಿಯಿತು. ನಡುವೆ ಒಂಬತ್ತು ದಿನ ಒಬ್ಬರೂ ಬರಲಿಲ್ಲ, ಜಾಲರಿಯ ಸುರುಳಿಗಳು ಅಂಗಳದಲ್ಲಿ ಬಿದ್ದಿದ್ದವು, ಅರ್ಧ ಬೇಲಿಯ ನಡುವಿನಿಂದ ಬೀದಿ ದನಗಳು ಬಂದು ಬಸಳೆ ಚಪ್ಪರ ನೆಲಸಮ ಮಾಡಿದವು. ಫೋನು ಮಾಡಿದರೆ ಎತ್ತುತ್ತಿದ್ದರು, ಅದು ಸಮಾಧಾನ. "ನಾಳೆ" ಎನ್ನುತ್ತಿದ್ದರು, ಅದು ಸಮಾಧಾನವಲ್ಲ.

ಈಗ ಮುಖ್ಯ ದೂರಿಗೆ ಬರುತ್ತೇನೆ. ಒಪ್ಪಂದದಂತೆ ಪ್ರತಿ ಗುಂಡಿ ಒಂದು ಅಡಿ ಚೌಕ, ಎರಡು ಅಡಿ ಆಳ. ಕಂಬ ನಿಲ್ಲಿಸಿ ಸುತ್ತ ಒಂದಕ್ಕೆ ಎರಡು, ನಾಲ್ಕರ ಕಾಂಕ್ರೀಟು, ಅಂದರೆ ಸಿಮೆಂಟ್ ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಹಾಗೆ ತುಂಬಿದರೆ ಹೆಚ್ಚುಕಡಿಮೆ ಮೂರು ಗುಂಡಿಗೆ ಒಂದು ಚೀಲ ಸಿಮೆಂಟ್ ಬೇಕಾಗುತ್ತದೆ. ಈ ಲೆಕ್ಕವನ್ನು ನಾನು ಮನೆ ಕಟ್ಟಿಸಿದ ಅನುಭವವಿರುವ ನನ್ನ ತಮ್ಮನಿಂದ ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದೆ. ಮೂರನೆಯ ದಿನದ ಸಂಜೆ ಎಣಿಸಿದಾಗ ನೆಟ್ಟ ಕಂಬಗಳು ಮೂವತ್ತನಾಲ್ಕು, ಖಾಲಿ ಚೀಲಗಳು ಏಳು. ಹನ್ನೊಂದಾದರೂ ಇರಬೇಕಿತ್ತು. ಚೀಲ ಎಣಿಸುವುದು ಸಣ್ಣತನವೆಂದು ಒಂದು ಮನಸ್ಸು ಹೇಳುತ್ತಿದ್ದರೂ, ಮರುದಿನ ಬೆಳಿಗ್ಗೆ ಆಳುಗಳು ಬರುವ ಮೊದಲು ಹಳೆಯ ಕಿಟಕಿಯ ಒಂದು ಕಬ್ಬಿಣದ ಸರಳು ಹಿಡಿದು ಹಿಂಬದಿಗೆ ಹೋದೆ. ಕಂಬದ ಬುಡದ ಪಕ್ಕ ಓರೆಯಾಗಿ ಚುಚ್ಚಿದರೆ ಕಾಂಕ್ರೀಟು ಇದ್ದಲ್ಲಿ ಸರಳು ಟಣ್ ಎಂದು ನಿಲ್ಲುತ್ತದೆ. ಮನೆಯ ಬದಿಯ ಕಂಬಗಳಲ್ಲೆಲ್ಲ ನಿಂತಿತು. ಹಿಂಬದಿಯಲ್ಲಿ, ಮನೆಯಿಂದ ಕಾಣದ ಸಾಲಿನಲ್ಲಿ, ಹನ್ನೆರಡು ಕಂಬಗಳಿಗೆ ಮೇಲೆ ನಾಲ್ಕು ಬೆರಳು ಸಿಮೆಂಟಿನ ಟೋಪಿ, ಅದರಡಿ ಅಗೆದ ಮಣ್ಣು ಮತ್ತು ಕಲ್ಲು.

ಗುತ್ತಿಗೆದಾರರನ್ನು ಕರೆಸಿ ತೋರಿಸಿದೆ. ಅವರು ವಾದಿಸಲಿಲ್ಲ, ಆಳುಗಳ ಮೇಲೂ ಕೂಗಾಡಲಿಲ್ಲ. "ನಾನು ಮೊನ್ನೆ ಇಲ್ಲಿ ಇರಬೇಕಿತ್ತು ಅಕ್ಕಾ, ಬೇರೆ ಕಡೆ ಅಳತೆಗೆ ಹೋಗಿದ್ದೆ" ಎಂದಷ್ಟೇ ಹೇಳಿ, ಅಂದೇ ಹನ್ನೆರಡನ್ನೂ ಕೀಳಿಸಿ, ಗುಂಡಿ ತೋಡಿಸಿ, ತಾವೇ ನಿಂತು ಕಾಂಕ್ರೀಟು ಹಾಕಿಸಿದರು. ಅದಕ್ಕೆ ಹಣ ಕೇಳಲಿಲ್ಲ. ಕೆಲಸದಲ್ಲಿ ತಪ್ಪು ನಡೆದಾಗ ಹೀಗೆ ಸರಿಪಡಿಸುವವರು ಅಪರೂಪ, ಒಪ್ಪುತ್ತೇನೆ. ಆದರೆ ನಾನು ಎಣಿಸದೆ ಹೋಗಿದ್ದರೆ ಆ ಸಾಲು ಹಾಗೆಯೇ ಉಳಿಯುತ್ತಿತ್ತು ಎನ್ನುವುದನ್ನೂ ಮರೆಯಲಾರೆ. ಒಬ್ಬರೇ ನಾಲ್ಕು ಕಡೆ ಕೆಲಸ ಹಿಡಿದು, ಪ್ರತಿ ಕಡೆಯೂ ಅರ್ಧ ದಿನ ಕಾಣಿಸಿಕೊಳ್ಳುವುದು ಇವರ ದೊಡ್ಡ ಕೊರತೆ. ಇವರಿಗೆ ಕೆಲಸ ಕೊಡುವವರು ಗುಂಡಿ ತುಂಬುವ ದಿನಗಳಲ್ಲಾದರೂ ಮನೆಯಲ್ಲಿರಬೇಕು.

ಜಾಲರಿ ಎಳೆಯುವ ಕೆಲಸದಲ್ಲಿ ಮಾತ್ರ ಅವರ ಕೈಗೆ ಸಾಟಿಯಿಲ್ಲ. ಕಾಂಕ್ರೀಟು ಹಾಕಿದ ಮರುದಿನವೇ ಎಳೆಯುವವರನ್ನು ನೋಡಿದ್ದೇನೆ. ಇವರು ಕಂಬಗಳಿಗೆ ದಿನಾ ನೀರು ಹಾಕಲು ಹೇಳಿ, ಹತ್ತು ದಿನ ಕಳೆಯುವ ತನಕ ಮುಟ್ಟಲಿಲ್ಲ. ಆ ಹತ್ತರಲ್ಲಿ ಒಂಬತ್ತು ಅವರು ಹೇಗೂ ಬಾರದೆ ಇದ್ದ ದಿನಗಳೇ ಎನ್ನುವುದು ಬೇರೆ ಮಾತು. ಹಿಂಬದಿಯ ಧರೆಯ ಇಳಿಜಾರಿನಲ್ಲಿ ಜಾಲರಿಯನ್ನು ನೇರವಾಗಿ ಎಳೆದರೆ ಅಡಿಯಲ್ಲಿ ಕಿಂಡಿ ಉಳಿಯುತ್ತದೆ, ಹಂದಿಗೆ ಅಷ್ಟು ಸಾಕು, ಮೂತಿ ತೂರಿಸಿ ಉಳಿದದ್ದನ್ನು ಅದು ಅಗೆದುಕೊಳ್ಳುತ್ತದೆ. ಅಲ್ಲಿ ಜಾಲರಿಯನ್ನು ತುಂಡು ತುಂಡಾಗಿ ಮೆಟ್ಟಿಲಿನಂತೆ ಇಳಿಸಿ, ಕೆಳಗೆ ನೆಲಕ್ಕೆ ತಾಗಿದಂತೆ ಒಂದು ಸಾಲು ಮುಳ್ಳುತಂತಿ ಎಳೆದು, ಅದರ ಹೊರಬದಿಗೆ ಒಡೆದ ಜಂಬಿಟ್ಟಿಗೆ ಕಲ್ಲುಗಳನ್ನು ಜೋಡಿಸಿದರು. ಈ ಒಂದು ವರ್ಷದಲ್ಲಿ ಹಂದಿ ಒಳಗೆ ಬಂದಿಲ್ಲ. ಹೊರಗೆ ಅಗೆದ ಗುರುತುಗಳಿವೆ.

ಸೋಲಾರ್ ಬೇಲಿಯ ಬಗ್ಗೆಯೂ ಕೇಳಿದ್ದೆ. ಹಾಕಿಕೊಟ್ಟರೆ ಅವರಿಗೆ ಲಾಭ ಹೆಚ್ಚಿದ್ದರೂ ಬೇಡವೆಂದರು. ಮಳೆಗಾಲದಲ್ಲಿ ಬಳ್ಳಿ, ಹುಲ್ಲು ತಂತಿಗೆ ತಾಗಿದರೆ ಶಾಕ್ ನೆಲಕ್ಕೆ ಸೋರಿ ಹೋಗುತ್ತದೆ, ವಾರಕ್ಕೊಮ್ಮೆ ಸವರುವವರಿಲ್ಲದ ಮನೆಗೆ ಅದು ಅಲಂಕಾರಕ್ಕೆ ಮಾತ್ರ ಎನ್ನುವುದು ಅವರ ಮಾತು. ದರ ಹೇಳಲು ಬಂದಿದ್ದ ಮೂವರಲ್ಲಿ ಇನ್ನೊಬ್ಬರು, ರಾತ್ರಿ ಹೊತ್ತು ಮನೆಯ ಕರೆಂಟನ್ನೇ ಒಂದು ತಂತಿಗೆ ಕೊಟ್ಟುಬಿಡಿ ಎಂದು ಸಲಹೆ ಕೊಟ್ಟಿದ್ದರು. ಸೋಲಾರ್ ಬೇಲಿಯ ಯಂತ್ರ ಕೊಡುವುದು ಸೆಕೆಂಡಿಗೊಮ್ಮೆ ಬಂದು ಹೋಗುವ ಕ್ಷಣಮಾತ್ರದ ಹೊಡೆತ. ಮನೆಯ 230 ವೋಲ್ಟಿನ ಕರೆಂಟು ಹಿಡಿದವರನ್ನು ಬಿಡದೆ ಕೊಲ್ಲುತ್ತದೆ, ಮೇಲಾಗಿ ಅದು ಕಾನೂನಿಗೆ ವಿರುದ್ಧ. ಇಂಥ ತಂತಿಗೆ ಸಿಕ್ಕಿ ಆನೆ ಸತ್ತ, ಮನುಷ್ಯರೇ ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದವರೇ. ಆ ಸಲಹೆ ಕೊಟ್ಟವರನ್ನು ಗೇಟಿನ ತನಕ ಬಿಟ್ಟು ಬಂದೆವು. ಮಂಗಗಳಿಗೆ ಏನು ಮಾಡುವುದೆಂದು ಅತ್ತೆಯವರು ಕೇಳಿದ್ದಕ್ಕೆ ನಮ್ಮ ಗುತ್ತಿಗೆದಾರರು, "ಅಮ್ಮಾ, ಮಂಗಕ್ಕೆ ಬೇಲಿ ಅಂದ್ರೆ ಏಣಿ" ಎಂದರು. ಸುಳ್ಳು ಭರವಸೆಗಿಂತ ಇದು ಮೇಲು.

ಗೇಟಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹತ್ತು ಅಡಿಯ ಎರಡು ಬಾಗಿಲಿನ ಪೈಪ್ ಗೇಟು, 14,000 ರೂಪಾಯಿ. ಸತು ಲೇಪಿಸಿದ ಪೈಪನ್ನು ವೆಲ್ಡಿಂಗ್ ಮಾಡಿದಲ್ಲಿ ಲೇಪ ಸುಟ್ಟು ಹೋಗುತ್ತದೆ, ಆ ಜಾಗಕ್ಕೆ ಸತುವಿನ ಬಣ್ಣ ಬಳಿಯದಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ. ಬಳಿದಿರಲಿಲ್ಲ. ಮೂರು ತಿಂಗಳಲ್ಲಿ ಕೀಲುಗಳ ಸುತ್ತ ಕೆಂಪು ಇಳಿದಿತ್ತು, ನಾನೇ ಉಜ್ಜಿ ಬಳಿದೆ.

ಮಳೆಗಾಲದ ಪರೀಕ್ಷೆ ಬಂದದ್ದು ಪುಷ್ಯ ಮಳೆಯಲ್ಲಿ. ನಮ್ಮ ಜಾಗದ ನೀರೆಲ್ಲ ಹರಿದು ಹೋಗುವುದು ಹಿಂಬದಿಯ ಎಡಮೂಲೆಯ ತಗ್ಗಿನಿಂದ. ಹಳೆಯ ಮುಳ್ಳುಬೇಲಿಯ ಸಂದಿನಿಂದ ನೀರು ತನ್ನಷ್ಟಕ್ಕೆ ದಾರಿ ಮಾಡಿಕೊಳ್ಳುತ್ತಿತ್ತು. ಹೊಸ ಬೇಲಿಯಲ್ಲಿ ಅದಕ್ಕೆಂದು ಜಾಗ ಬಿಟ್ಟಿರಲಿಲ್ಲ. ದರಗು, ಅಡಿಕೆ ಹಾಳೆ, ಸೋಗೆಯ ಚೂರು ಎಲ್ಲ ಬಂದು ಜಾಲರಿಗೆ ಅಂಟಿ, ಅದೊಂದು ಒಡ್ಡಿನಂತಾಗಿ ಒಳಗೆ ನೀರು ಮೊಣಕಾಲಿನ ತನಕ ನಿಂತಿತು. ಎರಡು ದಿನ ಬಿಟ್ಟು ನೋಡಿದರೆ ಮೂರು ಕಂಬಗಳು ಹೊರಕ್ಕೆ ವಾಲಿದ್ದವು, ಬುಡದ ಮಣ್ಣು ಕಾಂಕ್ರೀಟಿನ ಸಮೇತ ಸಡಿಲವಾಗಿತ್ತು. ಸಪೋರ್ಟ್ ಕೊಟ್ಟಿದ್ದ ಮೂಲೆಗಂಬ ಅಲುಗಿರಲಿಲ್ಲ ಎನ್ನುವುದನ್ನು ಅವರ ಪರವಾಗಿ ಹೇಳಬೇಕು. ಆದರೆ ಇಡೀ ಜಾಗವನ್ನು ನಡೆದು ನೋಡಿ ಹತ್ತು ಸಪೋರ್ಟ್ ಎಣಿಸಿದವರಿಗೆ ನೀರಿನ ದಾರಿ ಕಾಣಲಿಲ್ಲವೇಕೆ? ನಾನೂ ಹೇಳಲಿಲ್ಲ, ಅದು ನನ್ನ ಪಾಲಿನ ತಪ್ಪು. ಮಲೆನಾಡಿನಲ್ಲಿ ಬೇಲಿ ಹಾಕುವ ಕಸುಬಿನವರು ಕೇಳಬೇಕಾದ ಮೊದಲ ಪ್ರಶ್ನೆ ಅದು ಎನ್ನುವುದು ಅವರ ಪಾಲಿನದ್ದು.

ಒಂದು ಮಳೆಗಾಲದ ಜವಾಬ್ದಾರಿ ತಮ್ಮದೆಂದು ಅವರು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಫೋನು ಮಾಡಿದ ದಿನದಿಂದ ಎಣಿಸಿದರೆ ಬಂದದ್ದು ನಲವತ್ತೊಂದನೆಯ ದಿನ. ನೀರು ಒಸರುವ ಗುಂಡಿಯಲ್ಲಿ ಕಾಂಕ್ರೀಟು ನಿಲ್ಲುವುದಿಲ್ಲ, ಮಳೆ ಬಿಟ್ಟು ಹೊಳವಾಗಲಿ ಎನ್ನುವ ಅವರ ಕಾರಣದಲ್ಲಿ ಹುರುಳಿತ್ತು. ಆದರೆ ಎರಡು ಮರದ ಊರುಗೋಲು ಕೊಟ್ಟು ತಾತ್ಕಾಲಿಕವಾಗಿ ನಿಲ್ಲಿಸಿ ಹೋಗಲು ಹೊಳವು ಬೇಕಾಗಿರಲಿಲ್ಲ. ಆ ಕೆಲಸವನ್ನು ಜಡಿಮಳೆಯಲ್ಲಿ ಕಂಬಳಿ ಹೊದ್ದು ನಾನೂ ಪಕ್ಕದ ಮನೆಯ ಹುಡುಗನೂ ಮಾಡಿದೆವು. ಬಂದ ಮೇಲೆ ಕೆಲಸ ಅಚ್ಚುಕಟ್ಟಾಗಿಯೇ ಆಯಿತು: ಮೂರು ಕಂಬಗಳನ್ನು ಎರಡೂವರೆ ಅಡಿ ಆಳಕ್ಕೆ ಮರುನೆಟ್ಟು, ತಗ್ಗಿನಲ್ಲಿ ಎರಡು ಅಡಿ ಅಗಲದ ಚರಂಡಿ ಬಿಡಿಸಿ, ಅದರ ಬಾಯಿಗೆ ಕಸ ಬಂದಾಗ ಎತ್ತಿ ತೆಗೆಯುವಂಥ ಸರಳಿನ ತಡೆ ಇಟ್ಟುಕೊಟ್ಟರು. ಹಣ ಮುಟ್ಟಲಿಲ್ಲ.

ಅದೇ ದಿನ ಇನ್ನೊಂದು ರಿಪೇರಿಯೂ ಇತ್ತು. ಗಾಳಿಗೆ ಹಲಸಿನ ಕೊಂಬೆ ಬಿದ್ದು ಎರಡು ಕಂಬಗಳ ನಡುವಿನ ಜಾಲರಿ ಹರಿದಿತ್ತು. ನಾನು ಹೊಸ ಸುರುಳಿ ಕೊಳ್ಳಬೇಕೇನೋ ಎಂದುಕೊಂಡಿದ್ದೆ. ಚೈನ್‌ಲಿಂಕ್ ಎಂದರೆ ಸುರುಳಿ ತಂತಿಗಳನ್ನು ಒಂದರೊಳಗೊಂದು ತಿರುವಿ ಹೆಣೆದದ್ದು. ಹಾಳಾದ ತಂತಿಯ ತುದಿ ಬಿಡಿಸಿ, ತಿರುವುತ್ತಾ ಮೇಲಕ್ಕೆ ಎಳೆದರೆ ಅದೊಂದೇ ಹೊರಬರುತ್ತದೆ, ಅದೇ ದಾರಿಯಲ್ಲಿ ಹೊಸದನ್ನು ತಿರುವಿ ಇಳಿಸಬಹುದು. ಬೇಲಿ ಹಾಕಿದಾಗ ಉಳಿದಿದ್ದ ತುಂಡಿನಿಂದ ಹದಿನಾಲ್ಕು ತಂತಿಗಳನ್ನು ಬಿಡಿಸಿ, ಒಬ್ಬ ಆಳಿನ ಜೊತೆ ಅರ್ಧ ದಿನದಲ್ಲಿ ಹೆಣೆದು ಮುಗಿಸಿದರು. ಕೊಂಬೆ ಬಿದ್ದದ್ದು ಅವರ ಜವಾಬ್ದಾರಿಯಲ್ಲವಾದ್ದರಿಂದ ಇದಕ್ಕೆ 1,800 ರೂಪಾಯಿ ತೆಗೆದುಕೊಂಡರು. ನ್ಯಾಯವಾದ ದರವೆಂದು ನನ್ನ ಅಭಿಪ್ರಾಯ. ಬೇಲಿ ಹಾಕಿಸುವವರು ಉಳಿದ ಜಾಲರಿಯ ತುಂಡನ್ನು ಗುಜರಿಗೆ ಕೊಡದೆ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ರಸ್ತೆ ಬದಿಯ ಗೋಡೆಯ ಮೇಲೆ ಎರಡು ಅಡಿ ಜಾಲರಿ ಏರಿಸುವ ಕೆಲಸವನ್ನು ಅವರಿಗೇ ಹೇಳಿದ್ದೇನೆ. ಈ ಸಲದ ಚೀಟಿಯಲ್ಲಿ ನಾನೇ ಕೆಲವು ಸಾಲುಗಳನ್ನು ಸೇರಿಸಿದ್ದೇನೆ: ವೆಲ್ಡಿಂಗ್ ಮಾಡಿದ ಪ್ರತಿ ಜಾಗಕ್ಕೂ ಸತುವಿನ ಬಣ್ಣ, ಕಾಂಕ್ರೀಟು ಹಾಕುವ ದಿನ ಗುತ್ತಿಗೆದಾರರು ಖುದ್ದಾಗಿ ಇರತಕ್ಕದ್ದು, ದೂರು ಹೇಳಿದ ಒಂದು ವಾರದೊಳಗೆ ಬಂದು ನೋಡತಕ್ಕದ್ದು. ಅವರು ಓದಿ, ನಕ್ಕು, ಸಹಿ ಹಾಕಿದ್ದಾರೆ. ಮುಂಗಡವನ್ನು ನಾನಿನ್ನೂ ಕೊಟ್ಟಿಲ್ಲ. ಕೊನೆ ಕೊಯ್ಲು ಮುಗಿಯುವ ತನಕ ಅವರೂ ಕೇಳುವುದಿಲ್ಲ.